ಗಿರಣಿ ಓಣಿಯ ಅಖಂಡತಾ ಸಂಗ್ರಾಮ

ಕಲಿಯುಗದಲ್ಲಿ, ನಲ್ಲಿಗಂಗೆಯು ಎಂಟು ದಿನಕ್ಕೊಮ್ಮೆ ಮಾತ್ರ ಅವತರಿಸಿ ಭಕ್ತರನ್ನು ಉದ್ಧರಿಸುವ ಪುಣ್ಯಕಾಲದಲ್ಲಿ, ಹುಲಿಕೊಪ್ಪ ನಗರಸಭೆಯ ಸೀಮೆಯೊಳಗೆ ಗಿರಣಿ ಓಣಿಯೆಂಬ ನಲವತ್ತೆರಡು ಮನೆಗಳ ಮಹಾಸಾಮ್ರಾಜ್ಯವಿತ್ತು. ಅದರ ಪಡುವಣ ಮನೆಸಾಲಾದ ಪಡುಸಾಲಿನಲ್ಲಿ ಗೋಧೂಮಗರ್ವಭಂಜಿನಿ, ಜೋಳದರ್ಪಮರ್ದಿನಿ, ಮೆಣಸಿನಕಾಯಿಕುಲಾಂತಕಿಯಾದ ಫಕೀರವ್ವ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಅಂಥವಳನ್ನು ಕೊಂಡಾಡದ ನಾಲಗೆ ಬಾಯಲ್ಲಿದ್ದು ಫಲವೇನು?

ಒಂದು ದಿನ ವಾರ್ಡು ಪುನರ್ವಿಂಗಡಣೆಯ ಕರಡು ನಕಾಶೆ ಕಚೇರಿಯ ಗೋಡೆಯ ಮೇಲೆ ಪ್ರತ್ಯಕ್ಷವಾಯಿತು. ಕೆಂಪು ಗೀಟೊಂದು ಓಣಿಯ ಎದೆಯನ್ನೇ ಸೀಳಿತ್ತು: ಮೂಡುಸಾಲು ಹದಿನಾಲ್ಕನೇ ವಾರ್ಡಿಗೆ, ಪಡುಸಾಲು ಹದಿನೈದಕ್ಕೆ. ಓಣಿಗೆಲ್ಲ ಇದ್ದ ಒಂದೇ ನೀರಿನ ಟಾಕಿ ಮೂಡುಸಾಲಿನಲ್ಲಿತ್ತು.

“ಹದಿನೈದರ ಮೆಂಬರು ‘ಟಾಕಿ ನಂದಲ್ಲ’ ಅಂತಾನ, ಹದಿನಾಲ್ಕರಾಂವ ‘ನೀವು ನನ್ನೋರಲ್ಲ’ ಅಂತಾನ,” ಎಂದು ಫಕೀರವ್ವ ಗರ್ಜಿಸಿದಳು. “ನಾವು ಕೊಡ ಹಿಡಕೊಂಡು ಎಲ್ಲಿಗಿ ಹೋಗೂದು?”

ಮೂಡುಸಾಲಿನ ಮಹಾರಥಿ, ನಿವೃತ್ತ ಕಂಡಕ್ಟರ್ ಬಸಲಿಂಗಯ್ಯ ಎದೆಯುಬ್ಬಿಸಿದ. “ಮೂವತ್ತು ವರ್ಷ ಬಸ್ಸಿನ್ಯಾಗ ಸೀಟಿ ಊದಿದಾಂವ ನಾ. ಒಮ್ಮೆ ಊದಿದ್ನೆಂದ್ರ ಆ ಗೀಟು ಅಲ್ಲೇ ನಿಂದರಬೇಕು!”

ಮುಸುರೆ ನೀರು ಯಾರ ಬಾಗಿಲಿಗೆ ಹರಿಯಬೇಕೆಂಬ ಜಗಳದಲ್ಲಿ ಹನ್ನೊಂದು ವರ್ಷ ಮಾತುಬಿಟ್ಟಿದ್ದ ಎರಡು ಸಾಲುಗಳು ಅಂದು ಒಂದೇ ಅರ್ಜಿಗೆ ರುಜು ಹಾಕಿದವು. ಹೆಬ್ಬೆಟ್ಟಿನ ಮಸಿಯಿಂದ ನೀಲವರ್ಣವಾದ ಮೂವತ್ತೊಂದು ಮಂದಿಯ ಆ ಸೇನೆ, ಆಕ್ಷೇಪಣೆಯ ಕೊನೆಯ ದಿನ ಇಳಿಹೊತ್ತಿನಲ್ಲಿ, ಫಕೀರವ್ವನನ್ನು ಮುಂದಿಟ್ಟುಕೊಂಡು ಕಚೇರಿಗೆ ಲಗ್ಗೆ ಹಾಕಿತು.

ಗುಮಾಸ್ತ ಅರ್ಜಿ ಓದಿದ. “ಇಡೀ ಓಣಿ ಒಂದ ವಾರ್ಡಿನ್ಯಾಗ ಇಡ್ರಿ ಅಂದೀರಿ. ಯಾವ ವಾರ್ಡು? ನಂಬರೇ ಹಾಕಿಲ್ಲಲ್ರಿ.”

ಮೂವತ್ತೊಂದು ಬಾಯಿಗಳು ಏಕಕಾಲಕ್ಕೆ ಮುಚ್ಚಿದವು. ಏಕಕಾಲಕ್ಕೇ ತೆರೆದವು.

“ಹದಿನಾಲ್ಕು!” ಎಂದ ಬಸಲಿಂಗಯ್ಯ.

“ನಿಮ್ಮ ಬೆನ್ನ ಹಿಂದ ನಾವ್ಯಾಕ ಬರೂನು? ಹದಿನೈದು!” ಎಂದಿತು ಪಡುಸಾಲು. ಮುಸುರೆ ನೀರು ಮಾತಿನಲ್ಲಿ ಮತ್ತೆ ಹರಿಯತೊಡಗಿತು. ಯಾರದೋ ಮೇಕೆ ಯಾರದೋ ಕರಿಬೇವು ತಿಂದ ಪುರಾಣವೂ ಹೊರಬಿತ್ತು.

“ಐದಕ್ಕ ಐದ ನಿಮಿಷ ಐತ್ರಿ,” ಎಂದ ಗುಮಾಸ್ತ.

ಫಕೀರವ್ವ ಪೆನ್ನು ಹಿಡಿದಳು. ಬೆನ್ನ ಹಿಂದೆ ಅವಳ ಸಾಲಿನವರೇ, ಅವಳ ಗಿರಾಕಿಗಳೇ ಹದಿನೈದೆಂದು ಕೂಗುತ್ತಿದ್ದರು. ಆದರೆ ಹದಿನೈದೆಂದರೆ ಹದಿನಾಲ್ಕರ ಮೆಂಬರು ತನ್ನ ಪಾಲಿಗೆ ಬಂದ ಟಾಕಿ ಬಿಟ್ಟುಕೊಡುವುದಿಲ್ಲ, ಕೋರ್ಟಿಗೆ ಹೋಗುತ್ತಾನೆ. ಅದು ಅವಳಿಗೆ ಗೊತ್ತಿತ್ತು. ನಡುಗುವ ಕೈಯಿಂದ ಹದಿನಾಲ್ಕು ಎಂದು ಬರೆದಳು. ಮುದ್ರೆ ಬಿತ್ತು.

ತಿಂಗಳೊಪ್ಪತ್ತಿಗೆ ಅಂತಿಮ ಪಟ್ಟಿ ಬಂತು. ಓಣಿ ಹದಿನಾಲ್ಕರಲ್ಲಿ ಅಖಂಡವಾಗಿ ಉಳಿದಿತ್ತು. ಪಡುಸಾಲಿನವರು ಆಕೆ ನಮ್ಮನ್ನು ಮಾರಿಕೊಂಡಳೆಂದರು. ಬರೆಯುವಾಗ ಅವಳ ಕೈ ನಡುಗಿದ್ದು ಕಂಡಿದ್ದ ಮೂಡುಸಾಲಿನವರು, ಆಕೆಯ ಮನಸ್ಸು ಹದಿನೈದರಲ್ಲೇ ಇತ್ತೆಂದರು. ಎರಡೂ ಸಾಲಿನವರು ಅವಳ ಗಿರಣಿ ಬಿಟ್ಟು, ಅರ್ಧ ಮೈಲಿ ದೂರದ ಅಗಸಿಬಾಗಿಲ ಗಿರಣಿಯಲ್ಲಿ ಒಂದೇ ಪಾಳಿಯಲ್ಲಿ, ಸಹೋದರರಂತೆ ನಿಂತರು.

ನಾಲ್ಕನೆಯ ದಿನ ಬಸಲಿಂಗಯ್ಯ ಹೆಗಲ ಮೇಲೆ ಹಿಟ್ಟಿನ ಡಬ್ಬಿ ಹೊತ್ತು ಅವಳ ಬಾಗಿಲ ಮುಂದೆ ಹಾದ. ನೋಡದಂತೆ ಹೋಗಲು ನೋಡಿದ, ಆಗಲಿಲ್ಲ.

“ಟಾಕಿಗಿ ನೀರು ಬಂದಾವ ಫಕೀರವ್ವ. ನಿನ್ನ ಕೊಡಾನೂ ಪಾಳಿಗಿ ಇಟ್ಟೀನಿ.”

ಅವಳು ಡಬ್ಬಿಯೊಳಗೆ ಕೈ ಹಾಕಿ, ಚಿಟಿಕೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿದಳು.

“ಇದು ಹಿಟ್ಟಲ್ರೀ ಯಪ್ಪಾ, ರವಾ.”

“ಹೂಂ,” ಎಂದ ಮಹಾರಥಿ, ತಲೆ ತಗ್ಗಿಸಿ. “ರೊಟ್ಟಿ ಹರೀತಾವ.”