ನನ್ನ ಸೂತ್ರದ ಪುಸ್ತಕ ಮೊಬೈಲ್ ಏರಿದ್ದು

ಲೆಕ್ಕದ ಮಾಸ್ತರಿಗೆ ನಗಲು ಬರುವುದಿಲ್ಲ ಎಂದು ಯಾರು ಹೇಳಿದರೋ! ಸೇಡಂ, ವಾಡಿ, ಚಿತ್ತಾಪುರದ ಪಿಯು ಕಾಲೇಜುಗಳಲ್ಲಿ ಗಣಿತ ಕಲಿಸಿದ ನನಗೆ ವಾರಕ್ಕೊಂದಾದರೂ ನಗುವ ಕಾರಣ ಸಿಕ್ಕೇ ಸಿಗುತ್ತದೆ.

೧. ಸಾಗವಾನಿ

ಸೇಡಂನಲ್ಲಿ ಹೊಸದಾಗಿ ಸೇರಿದಾಗ ಗ್ರಂಥಾಲಯದಲ್ಲಿ ಇದ್ದದ್ದು ಒಂದೇ ಲಾಗ್ ಟೇಬಲ್ ಪುಸ್ತಕ. "ಲಾಗ್ ಟೇಬಲ್ ತಗೊಂಡು ಬರ್ರಿ" ಎಂದು ಜವಾನರನ್ನು ಕಳಿಸಿದೆ. ಅರ್ಧ ಗಂಟೆಯ ಮೇಲೆ ಇಬ್ಬರು ಬೆವರುತ್ತ ಒಂದು ಮೇಜು ಹೊತ್ತು ತಂದರು.

"ಲಾಗ್ ಅನ್ನೋ ಕಟ್ಟಿಗೀದು ಎಲ್ಲೂ ಇಲ್ರಿ ಸರ್. ಇದು ಸಾಗವಾನಿದು, ನಡೀತದೇನ್ರಿ?"

೨. ದೀಡ

ಒಂದು ಪುಸ್ತಕಕ್ಕೆ ಇಡೀ ತರಗತಿ ಕಿತ್ತಾಡುವುದು ನೋಡಲಾಗದೆ, ವಾಡಿಯಲ್ಲಿದ್ದಾಗ ನಾನೇ ಸೂತ್ರಗಳ ಕೈಪಿಡಿ ಬರೆದು ಅಚ್ಚು ಹಾಕಿಸಿದೆ. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುವ ಭಂಕೂರದ ವ್ಯಾಪಾರಿಯೊಬ್ಬರು ಪುಟ ತಿರುವಿ ಕೇಳಿದರು, "ಎಲ್ಲಾ ಅದ ಸರ್. ದೀಡದ ಮಗ್ಗಿ ಎಲ್ಲಿ ಅದ?"

"ಒಂದೂವರೆ ಮಗ್ಗಿ ಪಿಯುದಾಗ ಬರಂಗಿಲ್ರಿ."

"ಹಂಗಾದ್ರ ಪಿಯು ಓದಿದವ್ರಿಗೆ ದೀಡ ಫೂಟಿನ ಫರ್ಸಿ ಮಾರಬಾರ್ದೇನ್ರಿ?"

ಎರಡನೇ ಮುದ್ರಣದಲ್ಲಿ ಸೇರಿಸಿದೆ. ಶಹಾಬಾದಿನ ಫರ್ಸಿ ಅಂಗಡಿಗಳ ಗೋಡೆಯ ಮೇಲೆ ಇಂದಿಗೂ ಆ ಪುಟವಿದೆ. ಉಳಿದ ಪುಟಗಳಲ್ಲಿ ಹೋಟೆಲಿನವರು ಖಾರದ ಚುಡವಾ ಕಟ್ಟಿಕೊಟ್ಟಿದ್ದಾರೆ.

೩. ಕನ್ನಡದಾಗ ಏನಂತಾರ

ಈಗ ಮಕ್ಕಳಿಗೆ ಮೊಬೈಲಿನಲ್ಲೇ ಪುಸ್ತಕ ಬೇಕು. ಚಿತ್ತಾಪುರದ ಕಂಪ್ಯೂಟರ್ ಅಂಗಡಿಯವನು ನನ್ನ ಕೈಪಿಡಿಯ ಹಳೆಯ ಫಾಂಟನ್ನು ಒಂದೇ ಏಟಿಗೆ ಹೊಸದಕ್ಕೆ ಬದಲಿಸಿಕೊಟ್ಟ. ತೆರೆದೂ ನೋಡದೆ ಮಕ್ಕಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಊಟ ಮುಗಿಸುವಷ್ಟರಲ್ಲಿ ಅದು ಕಾಳಗಿ, ಚಿಂಚೋಳಿ ಮುಟ್ಟಿತ್ತು. ನನ್ನ ಹೆಮ್ಮೆಗೆ ಮಿತಿಯೇ ಇರಲಿಲ್ಲ.

ಮುಂದಿನ ತ್ರಿಕೋನಮಿತಿ ಕಿರುಪರೀಕ್ಷೆಯಲ್ಲಿ ತೆಲಂಗಾಣ ಗಡಿಯ ಕುಂಚಾವರಂ ಕಡೆಯ ಹುಡುಗಿಯೊಬ್ಬಳಿಗೆ ಸಹೋದ್ಯೋಗಿ ಸೊನ್ನೆ ಕೊಟ್ಟಿದ್ದರು. ಟ್ಯಾನ್ ಇರಬೇಕಾದಲ್ಲೆಲ್ಲ ಅವಳು ‘ಣಚಿಟಿ’ ಎಂದು ಬರೆದಿದ್ದಳು. ಬರೆದ ಉತ್ತರಗಳು ಮಾತ್ರ ಎಲ್ಲವೂ ಸರಿ! ಕರೆದು ಕೇಳಿದೆ.

"ಹತ್ತನೇ ಕ್ಲಾಸ್ ತನಕ ತೆಲುಗುದಾಗ ಓದೀನ್ರಿ ಸರ್. ನಿಮ್ಮ ಪುಸ್ತಕ ನೋಡಿ, ಟ್ಯಾನ್‌ಗೆ ಕನ್ನಡದಾಗ ಣಚಿಟಿ ಅಂತಾರ ಅನ್ಕೊಂಡೆ."

ಮೊಬೈಲಿನಲ್ಲಿ ಪುಸ್ತಕ ತೆರೆದೆ. ಫಾಂಟು ಬದಲಿಸುವಾಗ ಇಂಗ್ಲಿಷ್ ಅಕ್ಷರಗಳೂ ಅಡ್ಡಾದಿಡ್ಡಿ ಕನ್ನಡವಾಗಿ, ‘tan’ ಎಂಬುದು ‘ಣಚಿಟಿ’ ಆಗಿತ್ತು. ನಾಚಿಕೆಯಿಂದ ಕಿವಿ ಕೆಂಪಾದರೂ, ನನ್ನ ಪುಸ್ತಕವನ್ನು ಇಷ್ಟು ನಂಬಿ ಓದಿದ ಹುಡುಗಿಯ ಬಗ್ಗೆ ಭಾಳ ಹೆಮ್ಮೆಯಾಯಿತು. ತಪ್ಪು ನನ್ನದೆಂದು ಸಹೋದ್ಯೋಗಿಯ ಎದುರೇ ಒಪ್ಪಿಕೊಂಡು, ಸೊನ್ನೆಯನ್ನು ಹೊಡೆದುಹಾಕಿಸಿ, ಬರೆದ ಲೆಕ್ಕಕ್ಕೆಲ್ಲ ಪೂರ್ತಿ ಅಂಕ ಕೊಡಿಸಿದೆ.

"ಇಷ್ಟು ಶಾಣೇಕಿ ಇದ್ದೀ, ಕಾಸ್ ಲೆಕ್ಕ ಯಾಕ ಒಂದೂ ಮಾಡಿಲ್ಲವ್ವ?"

ಅವಳು ತಲೆ ತಗ್ಗಿಸಿದಳು. "ನಿಮ್ಮ ಪುಸ್ತಕದಾಗ ಅದು ‘ಛಿ’ ಅಂತ ಶುರು ಆಗ್ತದ್ರಿ. ಮಾಸ್ತರ್‌ಗೆ ಪೇಪರಿನ ಮ್ಯಾಲ ಛಿ ಅಂತ ಹೆಂಗ ಬರೀಲ್ರಿ ಸರ್?"