ಗೌಸನ ಖಾಕಿ ಅಂಗಿ

ರೇಣು ಗೌಸನ ಕೊರಳು ಬಿಡಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಸವದತ್ತಿ ಬಸ್‌ಸ್ಟ್ಯಾಂಡಿನ ಎದುರು ಅಂಬಾಸಿಡರ್ ಕಾರು ನಿಲ್ಲಿಸಿಕೊಂಡು ಬಾಡಿಗೆ ಹೊಡೆಯುತ್ತಿದ್ದ ಮಹಮ್ಮದಗೌಸನಿಗೆ ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಮೂರು ವಾರದ ಒಂದೇ ಬಾಡಿಗೆ ಗಂಟುಬಿದ್ದಿತ್ತು. ಇಟಲಿಯಿಂದ ಪಾವ್ಲೋ, ಕ್ಯಾರ್ಲಾ ಎಂಬ ಗಂಡಹೆಂಡತಿ ಊರಿನ ಮಕ್ಕಳ ಮನೆಯಿಂದ ಮೂರೂವರೆ ವರ್ಷದ ರೇಣುವನ್ನು ದತ್ತು ತೆಗೆದುಕೊಳ್ಳಲು ಬಂದಿದ್ದರು. ಕೋರ್ಟು, ಪಾಸ್‌ಪೋರ್ಟು, ಡಾಕ್ಟರು ಎಂದು ಬೆಳಗಾವಿಗೆ ಅಲೆದದ್ದೆಲ್ಲ ಗೌಸನ ಕಾರಿನಲ್ಲೇ. ಆದರೆ ಆ ಅಲೆದಾಟದಲ್ಲಿ ರೇಣು ಒಂದು ದಿನವೂ ಹಿಂದಿನ ಸೀಟಿನಲ್ಲಿ ಹೊಸ ಅವ್ವನ ಪಕ್ಕ ಕೂರಲಿಲ್ಲ. ಅವಳ ಜಾಗ ಗೌಸನ ತೊಡೆ. ಮೂವರು ಗಂಡುಮಕ್ಕಳ ತಂದೆ ಆತ. ಹೆಣ್ಣುಕೂಸೊಂದು ತನ್ನ ಗದ್ದ ಹಿಡಿದು, "ಮಾಮೂ, ಪೋಂ ಪೋಂ ಮಾಡು" ಎಂದರೆ ಬಿಸಿ ರೊಟ್ಟಿಯ ಮೇಲಿನ ಬೆಣ್ಣೆಯಾಗುತ್ತಿದ್ದ. ಕತ್ತೆ ಅಡ್ಡ ಬರಲಿ ಬಿಡಲಿ, ದಾರಿಯುದ್ದಕ್ಕೂ ಹಾರ್ನು.

ಇವತ್ತು ಕಡೆಯ ದಿನ. ಮಧ್ಯಾಹ್ನ ಹೊರಟು ಬೆಳಗಾವಿ ಮುಟ್ಟಿ, ಸಂಜೆಯ ಮುಂಬೈ ಬಸ್ಸು ಹಿಡಿಯಬೇಕು. ಬೆಳಿಗ್ಗೆ ಮಕ್ಕಳ ಮನೆಯ ಬಾಗಿಲಲ್ಲಿ ಕ್ಯಾರ್ಲಾ ಎರಡೂ ಕೈ ಚಾಚಿದರೆ, ರೇಣು ಗೌಸನ ಕೊರಳಿಗೆ ಬೇತಾಳದಂತೆ ಜೋತುಬಿದ್ದು, ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂತೆ ಚೀರಿದಳು. ಕ್ಯಾರ್ಲಾ ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣು ಒರೆಸಿಕೊಳ್ಳುತ್ತ ಗಂಡನಿಗೆ ಏನೋ ಹೇಳಿದಳು. ಪಾವ್ಲೋ ಅದನ್ನು ಇಂಗ್ಲಿಷಿನಲ್ಲಿ ಮಕ್ಕಳ ಮನೆ ನೋಡಿಕೊಳ್ಳುತ್ತಿದ್ದ ಸಾವಿತ್ರೆವ್ವನಿಗೆ ಹೇಳಿದ.

"ಏನಂತಾರ್ರೀ ಅಕ್ಕಾರ?" ಎಂದ ಗೌಸ.

"ಕೂಸು ಒಲ್ಲೆ ಅಂದ್ರ ಕಸಗೊಂಡು ಒಯ್ಯೂದು ಬ್ಯಾಡ, ನಾವಿಬ್ಬರ ತಿರುಗಿ ಹೋಗೂಣು ಅಂತಾಳಪಾ ಆಕಿ."

ಗೌಸನಿಗೆ ಒಂದು ಕ್ಷಣ ಎದೆ ಹಗುರಾಯಿತು. ಮರುಕ್ಷಣವೇ ನಾಚಿಕೆಯಾಯಿತು. ಅವ್ವ ಅಪ್ಪ ಮನೆಬಾಗಿಲಿಗೆ ಬಂದು ನಿಂತಿರುವಾಗ ಅಡ್ಡ ನಿಲ್ಲಲು ತಾನು ಯಾರು?

"ಮಧ್ಯಾಹ್ನತನಕ ಟೈಮ್ ಕೊಡ್ರಿ. ನಾ ಏನರೆ ಮಾಡ್ತೇನಿ" ಎಂದ. ಮಾಡುವುದೇನು ಎಂದು ಅವನಿಗೂ ಗೊತ್ತಿರಲಿಲ್ಲ.

ಗೊತ್ತಿದ್ದವನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಉಳವಪ್ಪ. ಊರಿನವರ ಕಷ್ಟಕ್ಕೆಲ್ಲ ಅವನ ಹತ್ತಿರ ಚಹಾದಷ್ಟೇ ಬಿಸಿಯಾದ ಸಲಹೆ ಸಿಗುತ್ತಿತ್ತು.

"ಗೌಸಭಾಯಿ, ನಮ್ಮ ಆಕಳ ಸತ್ತಾಗ ಕರು ಬ್ಯಾರೆ ಆಕಳಿಗೆ ಬಾಯಿ ಹಾಕವಲ್ಲದಾಗಿತ್ತು. ಸತ್ತ ಆಕಳದ ಬೆನ್ನಿಗೆ ಹೊಚ್ಚತಿದ್ದ ಜೂಲಾ ತಂದು ಇದರ ಮ್ಯಾಲ ಹೊಚ್ಚಿದೆ. ಕರು ಮೂಸಿ ನೋಡಿ ಸುಮ್ಮನ ಹಾಲು ಕುಡೀತು. ನಿನ್ನ ಖಾಕಿ ಅಂಗಿ ಬಿಚ್ಚಿ ಆ ಸಾಹೇಬ್ಗ ತೊಡಸು. ಸ್ಟೇರಿಂಗ್ ಮುಂದ ಕುಂದ್ರಸು. ನೀ ಮಾತ್ರ ಕಣ್ಣಿಗೆ ಬೀಳಬ್ಯಾಡ."

"ನಾ ಇನ್ನೂ ಸತ್ತಿಲ್ಲಲೇ!"

"ಬಿಚ್ಚ ಮೊದಲ!"

ಬಿಚ್ಚಿದ. ಒಳಗಿನ ಬನಿಯನ್ನು ಮೀನಿನ ಬಲೆಯ ದೂರದ ನಂಟನಂತಿತ್ತು. ಗೌಸನ ಜೊತೆ ಕಾರಿನಲ್ಲೇ ಬಂದಿದ್ದ ಪಾವ್ಲೋ ನಗುತ್ತ ಅಂಗಿ ತೊಟ್ಟು ಸ್ಟೇರಿಂಗಿನ ಮುಂದೆ ಕೂತ. ರೇಣುವನ್ನು ಪಕ್ಕದ ಸೀಟಿನಲ್ಲಿ ಇಳಿಸಿ, ಗೌಸ ಅಂಗಡಿಯ ಹಾಲಿನ ಕ್ಯಾನುಗಳ ಹಿಂದೆ ಅಡಗಿದ. ಕ್ಯಾರ್ಲಾ ಪ್ರವಾಸಿ ಮಂದಿರದಲ್ಲಿ ಸಾಮಾನು ಕಟ್ಟುತ್ತಿದ್ದಳು.

ರೇಣು ಅಂಗಿಯನ್ನು ನೋಡಿದಳು. ಮುಖವನ್ನು ನೋಡಿದಳು. ತುಟಿ ನಡುಗತೊಡಗಿತು. ಅಷ್ಟರಲ್ಲಿ ಮುನವಳ್ಳಿಯ ಕೆಂಚವ್ವ ಎಂಬ ಮುದುಕಿ, ಬಗಲಲ್ಲಿ ಕೋಳಿ ಹಿಡಿದುಕೊಂಡು ಕಾರಿನ ಹತ್ತಿರ ಬಂದಳು. ಅವಳ ಕಣ್ಣಿಗೆ ಮಂಜು ಬಂದಿತ್ತು, ಕಂಡದ್ದು ಖಾಕಿಯೊಂದೇ.

"ಮುನವಳ್ಳಿಗೆ ಬರತೀಯೇನೋ ತಮ್ಮಾ?"

ಮೂರು ವಾರದಲ್ಲಿ ಪಾವ್ಲೋ ಕಲಿತಿದ್ದ ಕನ್ನಡ ಎರಡೇ ಮಾತು. ಎರಡನ್ನೂ ಆಡಿದ.

"ಬರ್ರಿ. ಕುಂದರ್ರಿ."

"ಏ ನಮ್ಮಪ್ಪಾ, ಎಷ್ಟ ಸಂಭಾವಿತ ಅದಾನ!" ಎಂದು ಕೆಂಚವ್ವ ಹತ್ತಿದಳು. ಹತ್ತಿ ಅವನ ಹೆಗಲು ತಟ್ಟಿ, "ಸೀದಾ ನಡಿ" ಎಂದು ಕೈ ತೋರಿಸಿದಳು. ಹಿರಿಯರು ಕೈ ತೋರಿಸಿದರೆ ಎಲ್ಲ ದೇಶದವರಿಗೂ ತಿಳಿಯುತ್ತದೆ. ಇದೂ ಉಪಾಯದ ಒಂದು ಭಾಗವೇ ಇರಬೇಕು ಎಂದುಕೊಂಡ ಪಾವ್ಲೋ ಗೇರು ಹಾಕಿಯೇಬಿಟ್ಟ.

ಗೌಸ ಕ್ಯಾನುಗಳ ಹಿಂದಿನಿಂದ ತಲೆ ಎತ್ತಿದಾಗ ಅವನ ಕಾರು ರಸ್ತೆಯ ಬಲಗಡೆಯಿಂದ, ಎದುರು ಬಂದ ಎಮ್ಮೆಗಳನ್ನು ಸೀಳಿಕೊಂಡು ಹೋಗುತ್ತಿತ್ತು.

"ಎಡಕ್ಕ! ಎಡಕ್ಕ! ಯಾ ಅಲ್ಲಾ!"

ಉಳವಪ್ಪ ತನ್ನ ಲೂನಾ ತೆಗೆದ. ಇಬ್ಬರನ್ನು ಹೊತ್ತ ಲೂನಾ ಏರು ಬಂದಾಗಲೆಲ್ಲ ಉಸಿರುಬಿಟ್ಟು ನಿಲ್ಲುತ್ತಿತ್ತು. ಆಗ ಗೌಸ ಇಳಿದು ತಳ್ಳಬೇಕು. ಉಳವಪ್ಪ ಕೂತಲ್ಲಿಂದಲೇ ಧೈರ್ಯ ಹೇಳಬೇಕು.

"ಗೌಸಭಾಯಿ, ಅಂಗಿ ಎಲ್ಲಿ ಹೋತು?" ಎಂದು ಹೊಲದಲ್ಲಿದ್ದವರು ಕೂಗಿದರು.

"ಕಾರಿನ್ಯಾಗೈತಿ!"

"ಕಾರ?"

"ಯಾರಿಗ್ಗೊತ್ತು!"

ಗೌಸನ ಕಣ್ಣಿಗೆ ಹಳ್ಳದಲ್ಲಿ ಬಿದ್ದ ಕಾರು, ಅದರೊಳಗೆ ಅಳುವ ಕೂಸು, ಇದೇ ಕಾಣುತ್ತಿತ್ತು. 'ಕಾರ ಹೋದ್ರ ಹೋಗ್ಲಿ, ಕೂಸಿಗೇನೂ ಆಗಬಾರದು' ಎಂದು ದಾರಿಯುದ್ದಕ್ಕೂ ಬೇಡಿಕೊಂಡ.

ಮುನವಳ್ಳಿಯ ಹೊರಗೆ ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಕೆಂಚವ್ವ ಇಳಿದು ಮನೆಗೆ ಹೋಗಿಯಾಗಿತ್ತು. ಅವಳು ಕೊಟ್ಟ ಹುರಿದ ಶೇಂಗಾವನ್ನು ಪಾವ್ಲೋ ಸುಲಿಯುತ್ತಿದ್ದ. ಅವನ ತೊಡೆಯ ಮೇಲೆ ರೇಣು! ಒಂದು ಕಾಳು ತನ್ನ ಬಾಯಿಗೆ, ಒಂದು ಅವನ ಬಾಯಿಗೆ, ನಡುವೆ ಪೋಂ ಪೋಂ.

ಗೌಸ ಏದುಸಿರು ಬಿಡುತ್ತ ಕಿಟಕಿ ಹಿಡಿದು ನಿಂತ. "ರೇಣೂ... ಮಾಮೂ ಬಂದೇನವಾ."

ರೇಣು ಅವನನ್ನೂ ಅವನ ಬನಿಯನ್ನನ್ನೂ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪಾವ್ಲೋನ ಕಡೆ ತಿರುಗಿ, ಬಸ್‌ಸ್ಟ್ಯಾಂಡಿನ ಏಜೆಂಟರ ಗತ್ತಿನಲ್ಲಿ ಹೇಳಿದಳು:

"ಅಪ್ಪಾ, ಗಿರಾಕಿ ಬಂದಾರ."

ಅವಳು ಆ ಮನುಷ್ಯನನ್ನು ಅಪ್ಪಾ ಎಂದದ್ದು ಅದೇ ಮೊದಲು. ಪಾವ್ಲೋನ ಕೈಯ ಶೇಂಗಾ ಕೆಳಗೆ ಚೆಲ್ಲಿತು.

"ನೋಡಿದಿ? ಕರು ಬಾಯಿ ಹಾಕ್ತು!" ಎಂದು ಉಳವಪ್ಪ ಲೂನಾದ ಮೇಲಿಂದ ಗೆದ್ದವನಂತೆ ಕೂಗಿದ. ಗೌಸ ಹಿಂದಿನ ಬಾಗಿಲು ತೆರೆದು ಗಿರಾಕಿಯಂತೆ ಕೂತ.

ಆಟ ಮುರಿದರೆ ಕೂಸು ಮತ್ತೆ ಅತ್ತೀತು ಎಂದು ಬೆಳಗಾವಿಗೂ ಪಾವ್ಲೋನೇ ಕಾರು ನಡೆಸಿದ. ಮುಂದೆ, ಪ್ರವಾಸಿ ಮಂದಿರದಿಂದ ಹತ್ತಿಕೊಂಡ ಕ್ಯಾರ್ಲಾಳ ಮಡಿಲಲ್ಲಿ, ಹಾರ್ನಿಗೆ ಕೈ ಎಟುಕುತ್ತದೆಂದು ಒಪ್ಪಿ ಕೂತ ರೇಣು. ಹಿಂದೆ ಪೆಟ್ಟಿಗೆಗಳ ನಡುವೆ ಪೆಟ್ಟಿಗೆಯಾಗಿ ಗೌಸ. "ಲೆಫ್ಟ್, ಲೆಫ್ಟ್" ಎನ್ನುವುದೊಂದೇ ಅವನ ಕೆಲಸ. ಬೈಲಹೊಂಗಲ ದಾಟುವಾಗ ರೇಣು ಕ್ಯಾರ್ಲಾಳ ಎದೆಗೆ ಒರಗಿ ನಿದ್ದೆಹೋದಳು. ಕ್ಯಾರ್ಲಾ ಉಸಿರೂ ಬಿಡದಂತೆ ಕೂತಿದ್ದಳು. ಗೌಸ ಕಿಟಕಿಯ ಹೊರಗಿನ ಹೊಲಗಳನ್ನು ಬಹಳ ಹೊತ್ತು ನೋಡಿದ.

ಬೆಳಗಾವಿಯಲ್ಲಿ ಎಲ್ಲರೂ ಇಳಿದರು. ಗೌಸ ಇಳಿಯಲಿಲ್ಲ. ಇಳಿದರೆ ಮುಗಿಯಿತಲ್ಲ. ರೇಣು ಹಿಂದಿನ ಬಾಗಿಲಿಗೆ ಬಂದು ಅವನ ಬೆರಳು ಹಿಡಿದೆಳೆದಳು.

"ಇಳೀರಿ ಮಾಮೂ, ಊರು ಬಂತು."

ಇಳಿದ. ಪಾವ್ಲೋ ಅವನನ್ನು ಬಿಗಿದಪ್ಪಿದ. ಖಾಕಿ ಅಂಗಿಯ ಗುಂಡಿ ಬಿಚ್ಚತೊಡಗಿದ. ರೇಣುವಿನ ತುಟಿ ಮತ್ತೆ ನಡುಗಿತು. "ಇರ್ಲಿ ಬಿಡ್ರಿ ಸಾಹೇಬ್ರ, ಇರ್ಲಿ" ಎಂದು ಗೌಸ ತಾನೇ ಗುಂಡಿ ಹಾಕಿದ. ಬಸ್ಸು ಹೊರಟಿತು. ಕಿಟಕಿಯಿಂದ ಒಂದು ಪುಟ್ಟ ಕೈ ತಿರುವು ಬರುವವರೆಗೂ ಕಾಣುತ್ತಿತ್ತು.

ತಿರುಗಿ ಬರುವಾಗ ಬೆಳಗಾವಿಯ ಹೊರಗಿನ ನಾಕೆಯಲ್ಲಿ ಪೊಲೀಸನೊಬ್ಬ ಕಾರಿಗೆ ಕೈ ಮಾಡಿದ. ಹರಕು ಬನಿಯನ್ನಿನ ಡ್ರೈವರ್, ಕೆಂಪಗೆ ಊದಿದ ಕಣ್ಣು. ಅನುಮಾನಕ್ಕೆ ಇನ್ನೇನು ಬೇಕು?

"ಕುಡದೀಯೇನ? ತಗಿ ಲೈಸನ್ಸ್."

ಗೌಸನ ಕೈ ಎದೆಯ ಜೇಬಿಗೆ ಹೋಯಿತು. ಅಲ್ಲಿ ಜೇಬಿರಲಿಲ್ಲ, ಬನಿಯನ್ನಿನ ತೂತಿತ್ತು.

"ಲೈಸನ್ಸ್ ಇಟಲಿಗೆ ಹೋತ್ರಿ ಸಾಹೇಬ್ರ."

"ಇಟಲಿಗೆ? ಯಾರ ಸಂಗಾಟ?"

ಗೌಸ ಬಂದ ದಾರಿಯ ಕಡೆ ಒಮ್ಮೆ ತಿರುಗಿ ನೋಡಿದ.

"ಮಗಳ ಸಂಗಾಟ್ರಿ."