ಎಮ್ಮೆ ಅಡ್ಡ ಬಂದ ಹನ್ನೊಂದು ನಿಮಿಷ

ನನ್ನ ಸೋದರಮಾವ ಸುಳ್ಳು ಹೇಳುವ ಜಾಯಮಾನದವರಲ್ಲ. ಇಡೀ ಬದುಕಿನಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೇ ನಲವತ್ತು ವರ್ಷದಿಂದ ಬಿಡದೆ ಹೇಳುತ್ತ ಬಂದಿದ್ದಾರೆ, ಅಷ್ಟೆ!

ಮಾವ ರೈಲ್ವೆಯವರು. ಬಳ್ಳಾರಿಯಿಂದ ರಾಯದುರ್ಗಕ್ಕೆ ಹೋಗುತ್ತಿದ್ದ ಸಣ್ಣ ಹಳಿಯ ಮೇಲೆ, ನಡುವಿನ ಒಂದು ಪುಟ್ಟ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಆ ಹಳಿ ಕಿತ್ತು ದೊಡ್ಡ ಹಳಿ ಹಾಕಿ ಎಷ್ಟೋ ಕಾಲವಾಯಿತು. ನಿವೃತ್ತರಾದ ಮೇಲೆ ಮಾವ ಅತ್ತೆಯ ತವರಾದ ಸಿರುಗುಪ್ಪದಲ್ಲಿ ಮನೆ ಕಟ್ಟಿಕೊಂಡರು. ಸಿರುಗುಪ್ಪಕ್ಕೆ ರೈಲೇ ಇಲ್ಲ. ಅಲ್ಲಿ ಕೂತು ರೈಲಿನ ಚರಿತ್ರೆ ಬರೆಯುತ್ತಿದ್ದಾರೆ! ಕನ್ನಡ ಮೇಷ್ಟ್ರಾದ ತಪ್ಪಿಗೆ ನಾನು ತಿಂಗಳಿಗೊಮ್ಮೆ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯಿಂದ ಬೈಕು ಹತ್ತಿ ಹೋಗಿ ಅದರ ಕಾಗುಣಿತ ತಿದ್ದಿ ಬರಬೇಕು.

ಚರಿತ್ರೆಯ ನಾಯಕ ಎಂಜಿನ್ ಅಲ್ಲ, ಒಂದು ಬಳೆ. ಆ ಕಾಲದ ಒಂಟಿ ಹಳಿಯ ಮೇಲೆ ಎದುರುಬದುರು ಎರಡು ಗಾಡಿ ಬಂದರೆ ಕಥೆ ಮುಗಿದಂತೆ. ಅದಕ್ಕೇ ಹೊರಟ ಗಾಡಿಯ ಡ್ರೈವರನಿಗೆ ಬೆತ್ತದ ದೊಡ್ಡ ಬಳೆಯೊಂದನ್ನು ಕೊಡುತ್ತಿದ್ದರು. ಬಳೆ ಯಾರ ಕೈಯಲ್ಲಿದೆಯೋ ಹಳಿ ಅವರದು. ಅದು ವಾಪಸ್ಸು ಬಂದು ಸೇರುವವರೆಗೆ ಇನ್ನೊಂದು ಗಾಡಿ ಬಿಡುವಂತಿಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಚಲಿಸುವ ಎಂಜಿನ್ನಿಗೆ ಬಳೆ ಎತ್ತಿ ಹಿಡಿಯುವುದು ಮಾವನ ಕೆಲಸವಾಗಿತ್ತು.

ನೌಕರಿ ಮುಗಿಯಿತು, ಬಳೆ ಮುಗಿಯಲಿಲ್ಲ. ತಾವೇ ಬೆತ್ತ ಬಗ್ಗಿಸಿ ಅದೇ ಅಳತೆಯ ಬಳೆಯೊಂದನ್ನು ಮಾಡಿ ಬಚ್ಚಲ ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದರು. ಸ್ನಾನಕ್ಕೆ ಹೋಗುವವರು ಅದನ್ನು ಒಳಗೆ ಒಯ್ಯಬೇಕು, ತಂದು ಗೂಟಕ್ಕೇ ಹಾಕಬೇಕು. ಒಮ್ಮೆ ನಾನು ಸ್ನಾನ ಮಾಡಿ ಅವಸರದಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ತೆಕ್ಕಲಕೋಟೆಗೆ ಹೋಗಿಬಿಟ್ಟೆ. ಮಧ್ಯಾಹ್ನ ಬಂದು ನೋಡಿದರೆ ಮಾವ ಟವೆಲ್ ಸುತ್ತಿಕೊಂಡು ಬಚ್ಚಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ!

"ಒಳಗ ಯಾರೂ ಇದ್ದಿಲ್ಲಲ್ಲ ಮಾವ?" ಅಂದೆ.

"ಅದು ನಿನಗ ಗೊತ್ತು, ನನಗ ಗೊತ್ತು. ಬಳೆಗೆ ಗೊತ್ತಿಲ್ಲಲ್ಲೋ ಲೇ," ಅಂದರು.

ಇನ್ನೊಮ್ಮೆ ಕುರುಗೋಡಿನಲ್ಲಿ ನಮ್ಮ ಬಳಗದ ಮದುವೆ. ಊಟದ ಹಾಲ್‌ಗೆ ಒಳಹೋಗಲಿಕ್ಕೂ ಹೊರಬರಲಿಕ್ಕೂ ಒಂದೇ ಬಾಗಿಲು. ಮಾವನಿಗೆ ಇನ್ನೇನು ಬೇಕು? ಬಳೆ ಹಿಡಿದು ಅಲ್ಲೇ ನಿಂತರು. ಹಸಿದು ಬಂದ ಬೀಗರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, "ತಡೀರಿ, ಎದುರಿಂದ ಗಾಡಿ ಬರೋದೈತಿ," ಅಂದರು. ಬರಬೇಕಾದ ಗಾಡಿ ಅಂದರೆ ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಒಬ್ಬ ಅಜ್ಜಿ. ಅವರು ಇನ್ನೂ ಎದ್ದೇ ಇರಲಿಲ್ಲ. ಆ ಬೀಗರು ಇವತ್ತಿಗೂ ಮಾವನನ್ನು ಕಂಡರೆ ದಾರಿ ಬದಲಿಸುತ್ತಾರೆ.

ಇನ್ನು ಆ ಸುಳ್ಳಿನ ವಿಷಯ. ಚರಿತ್ರೆಯಲ್ಲಿ ಮಾವ ಏನನ್ನೂ ಬಿಟ್ಟಿಲ್ಲ. ಯಾವ ಸ್ಟೇಷನ್ನಿನಲ್ಲಿ ಬೇವಿನ ಮರವಿತ್ತು, ಯಾವ ಡ್ರೈವರನಿಗೆ ಮಿರ್ಚಿ ಬಜ್ಜಿ ಕಂಡರೆ ಗಾಡಿ ನಿಲ್ಲಿಸುವ ಚಟವಿತ್ತು, ಎಲ್ಲ ಇದೆ. ಒಂದು ಪುಟದಲ್ಲಿ ಮಾತ್ರ ಹೀಗಿದೆ: 'ಈ ದಿನ ಬೆಳಗಿನ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ಹನ್ನೊಂದು ನಿಮಿಷ ತಡವಾಯಿತು. ಕಾರಣ: ಎಮ್ಮೆ ಅಡ್ಡ ಬಂದದ್ದು.'

ಅದನ್ನು ನಾನು ಗಟ್ಟಿಯಾಗಿ ಓದಿದಾಗಲೆಲ್ಲ ಅತ್ತೆ ಅಡುಗೆಮನೆಯಿಂದ ಹೊರಗೆ ಬರುತ್ತಾರೆ.

"ಎಮ್ಮಿನೂ ಇಲ್ಲ, ಕೋಣಾನೂ ಇಲ್ಲ. ಎಂಜಿನ್ ಹಿಂದಿನ ಡಬ್ಬಿ ಕಿಟಕ್ಯಾಗ ನಾ ಕುಂತಿದ್ದೆ, ನಮ್ಮವ್ವನ ಜೋಡಿ. ಆಗಿನ್ನೂ ನಮ್ಮ ಲಗ್ನ ಆಗಿದ್ದಿಲ್ಲ. ಇವರು ಬಳೆ ಎತ್ತೋದು ಬಿಟ್ಟು ನನ್ನ ನೋಡ್ಕೋತ ನಿಂತ್ರು. ಡ್ರೈವರ್ ಕೈ ಚಾಚಿದ್ರ ಸಿಕ್ಕಿದ್ದು ಬರೇ ಗಾಳಿ. ಗಾಡಿ ಮುಂದ ಹೋಗಿ ನಿಂತಿತು. ಇವರು ಜಲ್ಲಿಕಲ್ಲಿನ ಮ್ಯಾಲೆ ಓಡಿ ಬಂದು ಬಳೆ ಕೊಟ್ರು."

"ಎಮ್ಮಿ ಬಂದಿತ್ತು," ಅನ್ನುತ್ತಾರೆ ಮಾವ, ತಲೆ ಎತ್ತದೆ.

"ಯಾವ ಬಣ್ಣದ್ದು?"

"ಎಮ್ಮಿ ಯಾವ ಬಣ್ಣ ಇರ್ತೈತಿ?"

ಹೀಗೇ ನಡೆದಿತ್ತು. ಈ ವರ್ಷ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಬಳ್ಳಾರಿಯಲ್ಲಿ ಆಪರೇಷನ್ ಅಂತ ನಿಶ್ಚಯವಾಯಿತು. ಆಪರೇಷನ್ನಿನ ದಿನ ಬೆಳಿಗ್ಗೆ ಅತ್ತೆ ನನ್ನ ಕೈ ಹಿಡಿದುಕೊಂಡು, "ನಾ ಎದ್ದು ಬರದಿದ್ರ ಆ ಪುಸ್ತಕದಾಗ ಎಮ್ಮಿ ಆಗೇ ಉಳೀತೀನಲ್ಲೋ. ಖರೇದು ಬರಸಪ್ಪ," ಅಂದರು. ನಗಬೇಕೆಂದುಕೊಂಡೆ, ನಗು ಬರಲಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು.

ಮಧ್ಯಾಹ್ನ ಆಪರೇಷನ್ ಕೋಣೆಯ ಬಾಗಿಲಲ್ಲಿ ಮಾವ ಚೀಲದಿಂದ ಬಳೆ ತೆಗೆದು ಅತ್ತೆಯ ಕೈಗೆ ಕೊಟ್ಟರು. "ಹಳಿ ನಿಂದು. ವಾಪಸ್ ತಂದು ಕೊಡು," ಅಂದರು. ಅಷ್ಟೇ.

ಎರಡು ನಿಮಿಷಕ್ಕೆ ನರ್ಸ್ ಹೊರಗೆ ಬಂದರು. "ಇದನ್ನ ಒಳಗ ತರಂಗಿಲ್ರಿ ಅಜ್ಜಾರ," ಅಂತ ಬಳೆ ಚಾಚಿದರು. ಮಾವ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಒಯ್ದವರೇ ತಂದು ಕೊಡಬೇಕು ಸಿಸ್ಟರ್. ನಿಮ್ಮ ಕಡಿಂದ ನಾ ತಗೊಳ್ಳಂಗಿಲ್ಲ."

ನರ್ಸ್ ಮಾವನ ಮುಖವನ್ನೇ ನೋಡಿದರು. ಯಾಕೋ ಮತ್ತೆ ಒತ್ತಾಯ ಮಾಡಲಿಲ್ಲ. ಅತ್ತೆಗೆ ಗೊತ್ತು ಮಾಡಿದ್ದ ವಾರ್ಡಿನ ಮಂಚದ ಕಂಬಿಗೆ ಅದನ್ನು ತೂಗುಹಾಕಿದರು. ಮಾವ ಬೆಂಚಿನ ಮೇಲೆ ಕೂತರು. ನಾನು ಟೀ ತಂದರೆ ಬೇಡವೆಂದರು, ಇಡ್ಲಿ ತಂದರೂ ಬೇಡವೆಂದರು. ನೀರು ಕೂಡ ಕುಡಿಯಲಿಲ್ಲ. ಬಚ್ಚಲ ಮುಂದೆ ಕೂತಿದ್ದ ಮಾವನನ್ನು ನೋಡಿ ನಕ್ಕಿದ್ದ ನಾನು ಅವತ್ತು ಅವರ ಪಕ್ಕದಲ್ಲೇ ಕೂತೆ.

ಸಂಜೆ ವಾರ್ಡಿನಲ್ಲಿ ಅತ್ತೆ ಕಣ್ಣು ಬಿಟ್ಟರು. ಸುತ್ತ ನೋಡಿ, ನಿಧಾನಕ್ಕೆ ಕೈ ಎತ್ತಿ ಕಂಬಿಯ ಮೇಲಿನ ಬಳೆಯನ್ನು ಎಳೆದುಕೊಂಡು ಮಾವನ ಕಡೆ ಚಾಚಿದರು.

"ಎಷ್ಟೊತ್ತು ಲೇಟಾತ್ರಿ?"

"ನಾಕು ತಾಸು."

"ಇವತ್ತೂ ಎಮ್ಮಿ ಅಡ್ಡ ಬಂದಿತ್ತೇನು?"

ಮಾವ ಬಳೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

"ಇಲ್ಲ," ಅಂದರು. "ಅವತ್ತೂ ಬಂದಿದ್ದಿಲ್ಲ. ಕಿಟಕ್ಯಾಗ ನೀ ಕುಂತಿದ್ದಿ."